ಅಡಿಕೆ ಮರ ಬಳುಕಿದ್ದು ಎಂತಕ್ಕೆ?

ನಮ್ಮ ಕಾಸರಗೋಡಿನ ಮುಳ್ಳೇರಿಯ ದಾಟಿ ಬಂದಡ್ಕ ಕಡೆಗೆ ಹಿಲ್ ಹೈವೇಯಲ್ಲಿ ಬೈಕಲ್ಲಿ ಹೋಗುವಾಗ ಎರಡೂ ಬದಿ ಅಡಿಕೆ ತೋಟ ಸಿಗ್ತದಲ್ಲ, ಅಲ್ಲಿ ನಾನು ಆ್ಯಕ್ಷನ್ ಕ್ಯಾಮೆರಾದಲ್ಲಿ ತೆಗೆದ ಮೊದಲನೇ ವಿಡಿಯೋ ಮನೆಗೆ ಬಂದು ಹಾಕಿ ನೋಡಿದ್ರೆ ಒಂದೇ ಒಂದು ಮರ ನೆಟ್ಟಗೆ ಇಲ್ಲ. ಬುಡ ಈಚೆ, ನಡು ಆಚೆ, ತಲೆ ಪುನಃ ಈಚೆ, ನೀರೊಳಗೆ ಕಂಡ ಹಾಗೆ. ಕ್ಯಾಮೆರಾವನ್ನ ಹ್ಯಾಂಡಲ್‌ಗೆ ಕ್ಲ್ಯಾಂಪ್ ಹಾಕಿ ಬಿಗಿಯಾಗಿ ಕಟ್ಟಿದ್ದೆ, ಒಂದು ಚೂರೂ ಸಡಿಲ ಇರ್ಲಿಲ್ಲ, ಅಲುಗಾಟ ಸರಿ ಮಾಡುವ ಸ್ಟೆಬಿಲೈಸೇಶನ್ ಕೂಡ ಆನ್ ಇತ್ತು. ಆದ್ರೂ ಹೀಗೆ.

ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನ ಒಂದೇ ಸಲಕ್ಕೆ ಓದುದಿಲ್ಲ. ನಾವು ಪೇಪರ್ ಓದುವ ಹಾಗೆ ಸಾಲು ಸಾಲಾಗಿ ಮೇಲಿನಿಂದ ಕೆಳಗೆ ಓದ್ತದೆ, ಇದಕ್ಕೆ ರೋಲಿಂಗ್ ಶಟರ್ ಅಂತ ಹೆಸರು. ಮೊದಲ ಸಾಲಿಂದ ಕೊನೆ ಸಾಲಿಗೆ ಬರುವಾಗ ಸುಮಾರು 10ರಿಂದ 20 ಮಿಲಿಸೆಕೆಂಡ್ ಆಗ್ತದೆ. ಈಗ ಎಂಜಿನ್ ಲೆಕ್ಕ ನೋಡಿ. 4500 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ 4500 ಸುತ್ತು, ಸೆಕೆಂಡಿಗೆ 75, ಒಂದು ಸುತ್ತಿಗೆ 13 ಮಿಲಿಸೆಕೆಂಡ್ ಚಿಲ್ಲರೆ. ಸಿಂಗಲ್ ಸಿಲಿಂಡರ್ ಬೈಕಲ್ಲಿ ಪಿಸ್ಟನ್ ಒಂದೇ ಇರುದ್ರಿಂದ ಪ್ರತಿ ಸುತ್ತಿಗೂ ಒಂದು ಗುದ್ದು ಹ್ಯಾಂಡಲ್ ತನಕ ಬರ್ತದೆ. ಅಂದ್ರೆ ಒಂದು ಫ್ರೇಮ್ ಓದಿ ಮುಗಿಯುವಷ್ಟರಲ್ಲಿ ಕ್ಯಾಮೆರಾ ಒಂದು ಸಲ ಆಚೆ ಈಚೆ ಹೋಗಿ ಬಂದಾಗಿರ್ತದೆ. ಮರದ ತಲೆ ಓದುವಾಗ ಕ್ಯಾಮೆರಾ ಒಂದು ಕಡೆ, ನಡು ಓದುವಾಗ ಇನ್ನೊಂದು ಕಡೆ, ಹಾಗಾಗಿ ನೆಟ್ಟಗಿನ ಮರ ಬಳುಕ್ತದೆ. ಕರೆಂಟಿನ ವಯರು ಅಡ್ಡ ಹೋಗಿರ್ತದೆ, ಅದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಓದಿಸಿಕೊಳ್ತದೆ, ಅದರಲ್ಲಿ ಈ ಬಳುಕು ಅಷ್ಟು ಕಾಣುದಿಲ್ಲ. ಮೌಂಟ್ ಅಂದ್ರೆ ಕ್ಯಾಮೆರಾ ಕಟ್ಟುವ ಹಿಡಿಕೆ ಸರಿ ಉಂಟಾ ಅಂತ ಪರೀಕ್ಷೆ ಮಾಡ್ಲಿಕ್ಕೆ ಅಡಿಕೆ ಮರಕ್ಕಿಂತ ಒಳ್ಳೆ ವಸ್ತು ನಾನು ಕಂಡಿಲ್ಲ.

ಸ್ಟೆಬಿಲೈಸೇಶನ್ ಇದನ್ನ ಯಾಕೆ ಸರಿ ಮಾಡುದಿಲ್ಲ ಅಂದ್ರೆ, ಅದು ಕ್ಯಾಮೆರಾ ಎಷ್ಟು ತಿರುಗಿತು ಅಂತ ಅಳೆಯುವ ಒಳಗಿನ ಗೈರೋಸ್ಕೋಪ್ ನೋಡಿಕೊಂಡು ಒಂದು ಫ್ರೇಮಿಂದ ಇನ್ನೊಂದು ಫ್ರೇಮಿಗೆ ಚಿತ್ರವನ್ನ ಜಾರಿಸಿ ಕೂರಿಸ್ತದೆ. ರಸ್ತೆಯ ಗುಂಡಿ, ತಿರುವಿನ ವಾಲಾಟ, ಇಂಥ ನಿಧಾನದ ಅಲುಗಾಟಕ್ಕೆ ಅದು ಬಹಳ ಚಂದ. ಒಂದೇ ಫ್ರೇಮಿನ ಒಳಗೆ ಆದ ಬಳುಕನ್ನ ಪೂರ್ತಿ ಬಿಡಿಸ್ಲಿಕ್ಕೆ ಅದಕ್ಕೆ ಕಷ್ಟ. ಸಂಜೆ ಹೊತ್ತಲ್ಲಿ, ತೋಟದ ನೆರಳಲ್ಲಿ ಇನ್ನೂ ಕಷ್ಟ, ಬೆಳಕು ಕಮ್ಮಿ ಆದಾಗ ಶಟರ್ ಹೆಚ್ಚು ಹೊತ್ತು ತೆರೆದಿರ್ತದೆ, ನಡುಕ ಚಿತ್ರದ ಒಳಗೇ ಮಸುಕಾಗಿ ಅಂಟಿ ಬಿಡ್ತದೆ. ಫೋನನ್ನೇ ಹ್ಯಾಂಡಲ್‌ಗೆ ಸಿಕ್ಕಿಸಿ ವಿಡಿಯೋ ಮಾಡುವವರು ಒಂದು ವಿಷಯ ತಿಳ್ಕೊಳ್ಳಿ, ದೊಡ್ಡ ಎಂಜಿನಿನ ಬೈಕಿನ ನಡುಕದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪೆನಿಯೇ ಹೇಳಿದೆ, ಅದರಲ್ಲಿ ಲೆನ್ಸನ್ನೇ ಅಲುಗಾಡಿಸಿ ಸರಿ ಮಾಡುವ ಸೂಕ್ಷ್ಮ ಭಾಗ ಇರ್ತದೆ.

ಇನ್ನು ಕ್ಯಾಮೆರಾವನ್ನ ಹ್ಯಾಂಡಲಿಂದ ದೂರ ನಿಲ್ಲಿಸ್ಲಿಕ್ಕೆ ಹಾಕುವ ಉದ್ದದ ಎಕ್ಸ್‌ಟೆನ್ಶನ್ ಕಡ್ಡಿ. ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆ ಇದು ಹೇಳಿ ಕೊಡ್ಬೇಕಾಗಿಲ್ಲ, ಬುಡದಲ್ಲಿ ಕೈ ಒಂದಿಂಚು ಅಲುಗಿದ್ರೆ ತುದಿಯ ಕತ್ತಿ ಎಲ್ಲೆಲ್ಲೋ ಹೋಗ್ತದೆ. ಕಡ್ಡಿಯ ಉದ್ದ ಎರಡು ಪಟ್ಟಾದ್ರೆ ಅದರ ಬಿಗಿತ ಅರ್ಧ ಆಗುದಲ್ಲ, ಎಂಟನೇ ಒಂದು ಪಾಲಿಗೆ ಇಳೀತದೆ. ಬಿಗಿತ ಇಳಿದ ಹಾಗೆ ಅದರ ಸ್ವಂತ ಕಂಪನದ ವೇಗವೂ ಇಳಿದು ಎಂಜಿನಿನ ಕಂಪನಕ್ಕೆ ಹತ್ತಿರ ಬಂದ್ರೆ ಎರಡೂ ಸೇರಿ ಕುಣೀಲಿಕ್ಕೆ ಶುರು. ಅದಕ್ಕೇ ಒಂದು ಸ್ಪೀಡಲ್ಲಿ ವಿಡಿಯೋ ಸರಿ ಇದ್ದು ಇನ್ನೊಂದು ಸ್ಪೀಡಲ್ಲಿ ಇದ್ದಕ್ಕಿದ್ದ ಹಾಗೆ ಕೆಡುದು.

ನನ್ನ ಪ್ರಕಾರ ಬೈಕಿಗೆ ಕ್ಯಾಮೆರಾ ಕಟ್ಲೇಬಾರ್ದು, ಮೈಗೆ ಕಟ್ಬೇಕು. ಸೀಟಿನ ಸ್ಪಂಜು, ನಮ್ಮ ಸೊಂಟ, ಬೆನ್ನು ಎಲ್ಲ ಸೇರಿ ಆ 75 ಹರ್ಟ್ಸಿನ, ಅಂದ್ರೆ ಸೆಕೆಂಡಿಗೆ 75 ಸಲದ ನಡುಕವನ್ನ ಎದೆಗೆ ಮುಟ್ಟುವ ಮೊದಲೇ ನುಂಗಿ ಬಿಡ್ತವೆ, ಉಳಿಯುದು ನಿಧಾನದ ಅಲುಗಾಟ ಮಾತ್ರ, ಅದನ್ನ ಗೈರೋ ನೋಡಿಕೊಳ್ತದೆ. ಹೆಲ್ಮೆಟಿನ ಗಲ್ಲದ ಮೇಲೆ ಇಟ್ರೆ ದೃಶ್ಯ ಇನ್ನೂ ಚಂದ ಬರ್ತದೆ ಅನ್ನುದು ನಿಜ, ಆದ್ರೆ ನಾವಿರುದು ಕಾಸರಗೋಡಲ್ಲಿ, 2022ರ ಆಗಸ್ಟಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಹೆಲ್ಮೆಟಲ್ಲಿ ಕ್ಯಾಮೆರಾ ಕೂಡದು, ಲೈಸೆನ್ಸ್ ಅಮಾನತು ಮಾಡ್ತೇವೆ ಅಂತ ಹೇಳಿತ್ತು. ಕಾನೂನು ಬದಿಗಿಟ್ಟು ನೋಡಿದ್ರೂ ಬಿದ್ದಾಗ ರಸ್ತೆ ಮೇಲೆ ಜಾರಿಕೊಂಡು ಹೋಗ್ಲಿಕ್ಕೆ ಅಂತ ನುಣುಪಾಗಿ ಮಾಡಿದ ವಸ್ತು ಹೆಲ್ಮೆಟ್, ಅದಕ್ಕೆ ಒಂದು ಗಟ್ಟಿ ಉಬ್ಬು ಅಂಟಿಸಿದ್ರೆ ಅದೇ ಎಲ್ಲಿಯಾದ್ರೂ ಸಿಕ್ಕಿಕೊಂಡು ಕುತ್ತಿಗೆ ತಿರುಚಬಹುದು. ಎದೆಗೆ ಕಟ್ಟಿದ್ರೆ ಟ್ಯಾಂಕು, ಮೀಟರು, ಎರಡು ಕೈ, ಮುಂದೆ ರಸ್ತೆ, ಅಷ್ಟು ಬಂದ್ರೆ ನನಗೆ ಧಾರಾಳ.

ಕರೆಂಟಿನ ವಿಷಯಕ್ಕೆ ಬರುವ. ಬ್ಯಾಟರಿಯ ಮೇಲೆ ಬರೆದ ಎಂಎಎಚ್ (ಮಿಲಿಆಂಪಿಯರ್-ಅವರ್) ನೋಡಿ ಮೋಸ ಹೋಗ್ಬೇಡಿ, ಅದನ್ನ ವೋಲ್ಟಿಂದ ಗುಣಿಸಿ ಸಾವಿರದಿಂದ ಭಾಗಿಸಿ ವ್ಯಾಟ್-ಅವರ್ ಲೆಕ್ಕ ಹಾಕಿ. 1720 ಎಂಎಎಚ್, 3.85 ವೋಲ್ಟ್ ಅಂದ್ರೆ 6.6 ವ್ಯಾಟ್-ಅವರ್. ದೊಡ್ಡ ರೆಸಲ್ಯೂಶನಲ್ಲಿ ಕ್ಯಾಮೆರಾ ಸುಮಾರು 5 ವ್ಯಾಟ್ ತಿಂತದೆ, ಹಾಗಾದ್ರೆ ಒಂದೂಕಾಲು ಗಂಟೆ ಬಂದ್ರೆ ಹೆಚ್ಚು, ರಾಣಿಪುರಂ ಗುಡ್ಡ ಮುಟ್ಟುವ ಮೊದಲೇ ಖಾಲಿ. 10,000 ಎಂಎಎಚ್ ಪವರ್ ಬ್ಯಾಂಕಲ್ಲಿ 37 ವ್ಯಾಟ್-ಅವರ್ ಇರ್ತದೆ, 5 ವೋಲ್ಟಿಗೆ ಬದಲಾಗುವಾಗ ಸ್ವಲ್ಪ ಸೋರಿ ಹೋದ್ರೂ ಐದಾರು ಗಂಟೆಗೆ ಸಾಕು.

ಬೈಕಿನ ಬ್ಯಾಟರಿಯಿಂದ ತೆಗೀಬಹುದಾ ಅಂದ್ರೆ ತೆಗೀಬಹುದು, ಭಾರ ಏನೂ ಇಲ್ಲ. ಹಗಲಲ್ಲೂ ಉರಿಯುವ 35 ವ್ಯಾಟಿನ ಹೆಡ್‌ಲೈಟಿನ ಮುಂದೆ 5 ವ್ಯಾಟ್ ಎಂತ ಲೆಕ್ಕ. ಆದ್ರೆ ಬ್ಯಾಟರಿಯ ಪ್ಲಸ್ ಹತ್ತಿರವೇ 3 ಆಂಪಿಯರ್ ಫ್ಯೂಸ್ ಬೇಕು, ಕೀ ತೆಗೆದ ಕೂಡಲೇ ಚಾರ್ಜರ್ ಆಫ್ ಆಗುವ ಹಾಗೆ ಇಗ್ನಿಷನ್ ಲೈನಿಂದ ಬರ್ಬೇಕು. ಚಾರ್ಜರ್ ಸುಮ್ಮನೆ ಕೂತು 20 ಮಿಲಿಆಂಪಿಯರ್ ಎಳೆದ್ರೂ ದಿನಕ್ಕೆ ಅರ್ಧ ಆಂಪಿಯರ್-ಅವರ್ ಹೋಗ್ತದೆ, ಮಳೆಗೆ ಹತ್ತು ದಿನ ಬೈಕ್ ತೆಗೀದೆ ಬಿಟ್ರೆ 5 ಆಂಪಿಯರ್-ಅವರಿನ ಬ್ಯಾಟರಿ ಸತ್ತ ಹಾಗೆ. ಕೇಬಲ್ಲೂ ದಪ್ಪ ಇರ್ಬೇಕು, ಒಂದೂವರೆ ಮೀಟರ್ ಉದ್ದದ ಸಪೂರ ವಯರಲ್ಲಿ ಒಂದೂವರೆ ಆಂಪಿಯರ್ ಹರಿದ್ರೆ ಸುಮಾರು 1 ವೋಲ್ಟ್ ವಯರಲ್ಲೇ ಕಳೆದು ಹೋಗ್ತದೆ, ಚಾರ್ಜರಿನ 5 ವೋಲ್ಟಲ್ಲಿ ಕ್ಯಾಮೆರಾಕ್ಕೆ ಸಿಗುದು ನಾಲ್ಕೇ. ಹ್ಯಾಂಡಲ್ ಕ್ಯಾಮೆರಾಕ್ಕೆ ಇದೆಲ್ಲ ಸರಿ, ಎದೆಗೆ ಕಟ್ಟಿದ ಕ್ಯಾಮೆರಾಕ್ಕೆ ಮಾತ್ರ ಬೈಕಿಂದ ವಯರ್ ಎಳೀಲೇಬೇಡಿ, ಬೀಳುವಾಗ ಬೈಕ್ ಒಂದು ಕಡೆ ನಾವೊಂದು ಕಡೆ ಹೋಗ್ಬೇಕು, ನಡುವೆ ಎಂತದ್ದೂ ಇರ್ಬಾರ್ದು. ಪವರ್ ಬ್ಯಾಂಕ್ ಜಾಕೆಟಿನ ಜೇಬಲ್ಲೇ ಇರ್ಲಿ.

ಚಾರ್ಜ್ ಆಗ್ತಾ ರೆಕಾರ್ಡ್ ಆದ್ರೆ ಬಿಸಿ ಏರ್ತದೆ, ನೀರು ಹೋಗದ ಪೆಟ್ಟಿಗೆ ಆದ್ದರಿಂದ ಒಳಗೆ ಫ್ಯಾನ್ ಇಲ್ಲ, ಗಾಳಿ ಬಡೀತಾ ಇದ್ರೆ ಮಾತ್ರ ತಣ್ಣಗೆ. ರೈಲ್ವೇ ಗೇಟಲ್ಲಿ ನಿಂತಾಗ ರೆಕಾರ್ಡಿಂಗ್ ನಿಲ್ಲಿಸಿ.

ಜೂನಿನಿಂದ ಬೇರೆಯೇ ಕಥೆ. ಕೇಬಲ್ ಸಿಕ್ಕಿಸ್ಲಿಕ್ಕೆ ಬದಿಯ ಬಾಗಿಲು ತೆರೆದ ಗಳಿಗೆಯಲ್ಲೇ ವಾಟರ್‌ಪ್ರೂಫ್ ಮುಗೀತು. ಬಾಗಿಲು ಮುಚ್ಚಿದ್ರೂ ಒಳಗೆ ಸಿಕ್ಕಿಬಿದ್ದ ನಮ್ಮೂರಿನ ಒದ್ದೆ ಗಾಳಿ ಉಂಟಲ್ಲ, ಲೆನ್ಸಿನ ಗಾಜಿಗೆ ಮಳೆ ಹೊಡೆದು ತಣ್ಣಗಾದ ಕೂಡಲೇ ಅದು ಒಳಗಿಂದ ಮಂಜಾಗಿ ಕೂರ್ತದೆ, ಒರೆಸ್ಲಿಕ್ಕೂ ಆಗುದಿಲ್ಲ. ನಾನು ಹಿಂದಿನ ರಾತ್ರಿ ಬಾಗಿಲು ತೆರೆದಿಟ್ಟು ಕ್ಯಾಮೆರಾವನ್ನ ಗಾಳಿ ಆಡದ ಡಬ್ಬದಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡ್ತೇನೆ, ಬೆಳಿಗ್ಗೆ ಹೊರಡುವಾಗ ಡಬ್ಬದಿಂದ ತೆಗೆದ ಕೂಡಲೇ ಬಾಗಿಲು ಮುಚ್ಚಿ ಬಿಡುದು, ಮತ್ತೆ ಮನೆಗೆ ಬರುವ ತನಕ ತೆರೆಯುದಿಲ್ಲ. ಕಳೆದ ಮಳೆಗಾಲದಲ್ಲಿ ಬಂದಡ್ಕದ ಅದೇ ತಿರುವಿನಲ್ಲಿ ಎದೆಗೆ ಕಟ್ಟಿಕೊಂಡು ತೆಗೆದ ವಿಡಿಯೋದಲ್ಲಿ ಮರಗಳೆಲ್ಲ ನೆಟ್ಟಗೆ ನಿಂತಿವೆ, ಅಡಿಕೆ ಗೊನೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯಿಂದ ನೀರು ಇಳಿಯುದೂ ಕಾಣ್ತದೆ.