ಲಂಡನ್ನಿನ ಸಾಲುಮನೆಗಳ ಕಿಟಕಿ ಒಳಕ್ಕೆ ಸರಿದಿದ್ದು ಯಾಕೆ?

ಲಂಡನ್ನಿನ ಬೆಡ್‌ಫರ್ಡ್ ಸ್ಕ್ವೇರ್‌ನಲ್ಲಿ ನಿಂತು ಯಾವುದಾದರೂ ಹಳೇ ಮನೆಯ ಕಿಟಕಿ ನೋಡಿ. ಚೌಕಟ್ಟು ಗೋಡೆಯ ಮಟ್ಟಕ್ಕಿಲ್ಲ, ಒಳಕ್ಕೆ ಸರಿದು ಕೂತಿದೆ, ಮರ ಕಣ್ಣಿಗೆ ಬೀಳೋದೇ ಕಮ್ಮಿ. ಅಂದಕ್ಕೆ ಮಾಡಿದ್ದಾರೆ ಅನ್ಸುತ್ತೆ, ಅಲ್ವಾ? ಮಾಡಿಸಿದ್ದು ಬೆಂಕಿಯ ಭಯ.

1666ರಲ್ಲಿ ಮರದ ಮನೆಗಳ ಲಂಡನ್ ದಿನಗಟ್ಟಲೆ ಹೊತ್ತಿ ಉರಿಯಿತು. ಮರುವರ್ಷವೇ ಕಾನೂನು ಬಂತು: ಕಟ್ಟುವುದಾದರೆ ಇಟ್ಟಿಗೆ, ಇಲ್ಲವೇ ಕಲ್ಲು. 1707ರ ಕಾಯ್ದೆ ಸೂರಿನಂಚಿನ ಮರದ ಅಲಂಕಾರ ಬೇಡ ಎಂದಿತು, 1709ರದ್ದು ಕಿಟಕಿಯನ್ನು ನಾಲ್ಕು ಇಂಚು ಹಿಂದಕ್ಕೆ ತಳ್ಳಿತು, 1774ರದ್ದು ಚೌಕಟ್ಟನ್ನೇ ಇಟ್ಟಿಗೆಯ ಮರೆಗೆ ಸೇರಿಸಿತು, ಜೊತೆಗೆ ಮನೆಗಳನ್ನು ನಾಲ್ಕು ದರ್ಜೆ ಮಾಡಿ ಯಾವುದಕ್ಕೆ ಗೋಡೆ ಎಷ್ಟು ದಪ್ಪ ಅಂತಲೂ ಬರೆದಿಟ್ಟಿತು. 1714ರಿಂದ 1830ರವರೆಗೆ ಜಾರ್ಜ್ ಹೆಸರಿನ ನಾಲ್ವರು ರಾಜರು ಸಾಲಾಗಿ ಆಳಿದರಲ್ಲ, ಆ ಕಾಲದ ಮನೆಗಳು ಒಂದೇ ಅಚ್ಚಿನವು ಅನ್ನಿಸೋದು ಇದಕ್ಕೇ.

ಇನ್ನರ್ಧ ದುಡ್ಡಿನ ಕಥೆ. ಜಮೀನು ದೊಡ್ಡ ಮನೆತನಗಳದ್ದು. ಅವರು ಮಾರುತ್ತಿರಲಿಲ್ಲ, ಎಷ್ಟೋ ಕಡೆ 99 ವರ್ಷಕ್ಕೆ ಲೀಸ್ ಕೊಡುತ್ತಿದ್ದರು. ಲೀಸ್ ಹಿಡಿದ ಮೇಸ್ತ್ರಿಯೋ ಬಡಗಿಯೋ ಸಾಲ ಮಾಡಿ ಕಟ್ಟಿ ಬೇಗ ಗಿರಾಕಿ ಹುಡುಕಬೇಕು. ರಸ್ತೆ ಕಡೆ ಅಗಲ ಕಮ್ಮಿಯಾದಷ್ಟೂ ಮನೆ ಜಾಸ್ತಿ. ಹಾಗಾಗಿ ಮನೆ ಕಿರಿದಾಯಿತು, ಮೇಲಕ್ಕೆ ಬೆಳೆಯಿತು, ಪಕ್ಕದ ಗೋಡೆ ಇಬ್ಬರಿಗೂ ಒಂದೇ ಆಯಿತು. ನಮ್ಮ ವಠಾರದ ಹಾಗೆ, ಆದರೆ ಶ್ರೀಮಂತರದ್ದು! ಮನೆಗೆ ಎಷ್ಟು ಕಿಟಕಿ ಅಂತ ಎಣಿಸಿ ಹಾಕುವ ಕಿಟಕಿ ತೆರಿಗೆಯೂ ಇತ್ತು, 1696ರಿಂದ 1851ರವರೆಗೆ. ಅದನ್ನು ತಪ್ಪಿಸಿಕೊಳ್ಳೋಕೆ ಕೆಲವರು ಕಿಟಕಿ ಮುಚ್ಚಿಸಿದ್ದೂ ಉಂಟು. ಆದರೆ ಇಟ್ಟಿಗೆ ತುಂಬಿದ ಕಿಟಕಿ ಕಂಡಲ್ಲೆಲ್ಲ ತೆರಿಗೆಯ ಮೇಲೆ ಹಾಕಬೇಡಿ. ಸಾಲು ಸಮ ಕಾಣಲಿ ಅಂತ ಮೊದಲಿಂದಲೂ ಕುರುಡಾಗಿ ಕಟ್ಟಿದವೂ ಇವೆ.

ಅಡುಗೆಮನೆ ನೆಲಮಾಳಿಗೆಯಲ್ಲಿ, ಊಟದ ಕೋಣೆ ನೆಲಮಹಡಿಯಲ್ಲಿ, ಬಂದವರನ್ನು ಕೂರಿಸುವ ಹಾಲ್ ಮೊದಲ ಮಹಡಿಯಲ್ಲಿ. ಅಲ್ಲಿನ ಕಿಟಕಿಗಳೇ ಎಲ್ಲಕ್ಕಿಂತ ಎತ್ತರ. ಮೇಲೆ ಹೋದಂತೆ ಕಿಟಕಿ ಗಿಡ್ಡ, ಸೂರಿನಡಿ ಆಳುಗಳು. ಒಳಗೆ ಯಾರ ಅಂತಸ್ತು ಎಷ್ಟು ಅಂತ ಬೀದಿಯಲ್ಲಿ ನಿಂತೇ ಹೇಳಬಹುದು. ನನಗೆ ಜಾಸ್ತಿ ಇಷ್ಟ ಆಗೋದು ಮಾತ್ರ ಫುಟ್‌ಪಾತ್‌ನಲ್ಲಿರುವ, ಊಟದ ತಟ್ಟೆಯಷ್ಟಗಲದ ದುಂಡನೆ ಕಬ್ಬಿಣದ ಮುಚ್ಚಳ. ಅದನ್ನೆತ್ತಿ ಕಲ್ಲಿದ್ದಲ ಮೂಟೆ ಸುರಿದರೆ ಸೀದಾ ರಸ್ತೆಯಡಿಯ ಕೋಣೆಗೆ. ಮಸಿ ಮೆತ್ತಿದ ಕಾಲು ಹೊಸ್ತಿಲು ದಾಟೋದೇ ಇಲ್ಲ.

ಇಂಗ್ಲೆಂಡಿನದೇ ಬಾತ್ ಊರಿನಲ್ಲಿ ಈ ಆಟ ಇನ್ನೂ ಮುಂದಕ್ಕೆ ಹೋಯಿತು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ 1767ರಿಂದ 1774ರವರೆಗೆ ಕಟ್ಟಿಸಿದ, ಅರ್ಧಚಂದ್ರದ ಹಾಗೆ ಬಾಗಿದ ಸಾಲು ರಾಯಲ್ ಕ್ರೆಸೆಂಟ್‌ನ 30 ಮನೆಗಳಿಗೆ ಸೇರಿ ಒಂದೇ ಅರಮನೆಯ ಮುಖ. ಮುಖದ ಹಿಂದೆ ಅವರವರ ಮೇಸ್ತ್ರಿ, ಅವರವರ ಇಷ್ಟ. ಹಿತ್ತಲ ಕಡೆ ಹೋಗಿ ನೋಡಿದರೆ ಒಂದಕ್ಕೊಂದು ತಾಳೆಯಿಲ್ಲ. ಮುಂದೆ ಮಾತ್ರ ಯಾರೂ ಚಕಾರ ಎತ್ತುವಂತಿಲ್ಲ. 1970ರ ದಶಕದಲ್ಲಿ ಅಲ್ಲಿನ ಒಬ್ಬ ಹೆಂಗಸು ಮುಂಬಾಗಿಲಿಗೆ ಹಳದಿ ಬಳಿಸಿದಾಗ ಊರಿನ ಆಡಳಿತ ಬಣ್ಣ ಬದಲಿಸಿ ಅಂತ ಪಟ್ಟು ಹಿಡಿಯಿತು. ವಾದ ವಿಚಾರಣೆ ಎಲ್ಲ ಆಗಿ ಕೊನೆಗೆ ಹಳದಿಯೇ ಉಳಿಯಿತು.