ಎರಡು ವಾರದ ರಜೆ, ಮೂರು ಕಡೆಯಿಂದ ಕರೆ: ಶಿಕ್ಷಕರು ದಿನಗಳನ್ನು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಪರೀಕ್ಷೆ ಮುಗಿದ ಮೇಲೆ ಎರಡು ವಾರ ರಜೆ. ಮೊದಲ ಮೂರು ದಿನ ತಲೆನೋವು, ನೆಗಡಿ ಅಂತ ಹಾಸಿಗೆಯಲ್ಲೇ ಕಳೆದುಹೋಗುತ್ತದೆ. ಆಮೇಲೆ ಅಪ್ಪ-ಅಮ್ಮ, ಅತ್ತೆ-ಮಾವ, ಗೆಳತಿಯರು ಅಂತ ಓಡಾಟ. ಕೊನೆಯ ನಾಲ್ಕು ದಿನ ಉತ್ತರಪತ್ರಿಕೆ. ಗಂಡನ ಜೊತೆ ನೆಮ್ಮದಿಯಾಗಿ ಕೂತದ್ದೇ ಇಲ್ಲ. ಎಲ್ಲರಿಗೂ ಸಮನಾಗಿ ದಿನ ಕೊಡುವುದು ಹೇಗೆ?

ಉತ್ತರ: ಸಮನಾಗಿ ಕೊಡಲು ಹೋಗುವುದರಿಂದಲೇ ರಜೆ ಕೆಡುತ್ತಿದೆ. ಯಾರ ಬಳಿ ಬಿಡುವು ಅತಿ ಕಡಿಮೆಯೋ ಅವರ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲು ಗುರುತು ಮಾಡಿ. ಹೆಚ್ಚಿನ ಮನೆಗಳಲ್ಲಿ ಆ ವ್ಯಕ್ತಿ ಸಂಗಾತಿಯೇ. ಶಾಲೆಗೆ ರಜೆ ಬಂದಾಗ ಕಚೇರಿಗೆ ರಜೆ ಬರುವುದಿಲ್ಲ. ನೀವು ಹದಿನಾಲ್ಕು ದಿನ ಮನೆಯಲ್ಲಿದ್ದರೂ ಅವರು ಸಿಗುವುದು ಎರಡು ವಾರಾಂತ್ಯ ಮತ್ತು ಸಂಜೆಗಳಲ್ಲಿ ಮಾತ್ರ. ಆ ನಾಲ್ಕು ದಿನಗಳಿಗೇ ನೆಂಟರ ಮನೆ, ಗೆಳತಿಯರ ಭೇಟಿ ಎಲ್ಲವೂ ಬಂದು ಬೀಳುತ್ತವೆ. ಏಕೆಂದರೆ ಅವರಿಗೂ ಬಿಡುವು ವಾರಾಂತ್ಯದಲ್ಲೇ.

ಆದ್ದರಿಂದ ಶಾಲೆಯ ರಜಾಪಟ್ಟಿ ಕೈಗೆ ಬಂದ ವಾರವೇ ಸಂಗಾತಿ ತಮ್ಮ ಕಚೇರಿಯಲ್ಲಿ ಎರಡು ಮೂರು ದಿನದ ರಜೆಗೆ ಅರ್ಜಿ ಹಾಕಲಿ. ವಾರಾಂತ್ಯಕ್ಕೆ ಅಂಟಿಕೊಂಡಂತೆ ತೆಗೆದುಕೊಂಡರೆ ಒಟ್ಟಿಗೆ ನಾಲ್ಕೈದು ದಿನ ಸಿಗುತ್ತದೆ. ಅದನ್ನು ರಜೆಯ ನಾಲ್ಕನೇ ದಿನದಿಂದ ಒಂಬತ್ತನೇ ದಿನದೊಳಗೆ ಇಟ್ಟುಕೊಳ್ಳಿ. ಮೊದಲ ಮೂರು ದಿನ ನಿಮ್ಮ ಮೈ ಮನಸ್ಸು ಇನ್ನೂ ಶಾಲೆಯಲ್ಲೇ ಇರುತ್ತವೆ; ಕೊನೆಯ ಮೂರು ದಿನ ಶಾಲೆಗೆ ವಾಪಸ್ ಹೊರಟಿರುತ್ತವೆ. ನೆದರ್ಲೆಂಡ್ಸ್‌ನ ಸಂಶೋಧಕಿ ಯೆಸ್ಸಿಕಾ ಡೆ ಬ್ಲೂಮ್ ಮತ್ತು ಸಂಗಡಿಗರು ದೀರ್ಘ ರಜೆ ಹಾಕಿದ 54 ಉದ್ಯೋಗಿಗಳನ್ನು ಗಮನಿಸಿದಾಗ, ಅವರ ಲವಲವಿಕೆ ಏರುತ್ತಾ ಹೋಗಿ ಎಂಟನೇ ದಿನದ ಹೊತ್ತಿಗೆ ತುದಿ ಮುಟ್ಟಿತ್ತು. ಪ್ರವಾಸವನ್ನು ಮೊದಲ ದಿನವೇ ಹೊರಡಿಸುವವರು ದಣಿದ ದಿನಗಳಿಗೆ ದುಡ್ಡು ಸುರಿಯುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಆ ಮೊದಲ ಮೂರು ದಿನದ ತಲೆನೋವು. ಇದು ನಿಮ್ಮೊಬ್ಬರ ಹಣೆಬರಹವಲ್ಲ. ಟಿಲ್ಬರ್ಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಡ್ ಫಿಂಗರ್‌ಹೂಟ್ಸ್ 2002ರಲ್ಲಿ ಇದಕ್ಕೆ ‘ಬಿಡುವಿನ ಕಾಯಿಲೆ’ ಎಂಬರ್ಥದ ಹೆಸರನ್ನೇ ಕೊಟ್ಟರು: ಕೆಲಸದ ದಿನಗಳಲ್ಲಿ ಗಟ್ಟಿಯಾಗಿದ್ದು, ರಜೆ ಬಂದ ಕೂಡಲೇ ಮಲಗುವುದು. ಮೈಗ್ರೇನ್ ಇರುವವರಲ್ಲಿ ಒತ್ತಡ ಏರಿದಾಗಿಗಿಂತ ಇಳಿದ ಮೇಲಿನ 18 ಗಂಟೆಗಳೊಳಗೆ ತಲೆನೋವು ಬರುವ ಸಾಧ್ಯತೆ ಹೆಚ್ಚು ಎಂದು 2014ರ ಒಂದು ಅಧ್ಯಯನ ತೋರಿಸಿದೆ. ಶಿಕ್ಷಕರ ವಿಷಯದಲ್ಲಿ ಇನ್ನೊಂದು ಕಾರಣವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಸ್ಟಾಫ್‌ರೂಮಿನ ಕಾಫಿ, ಟೀ. ಶಾಲೆಯ ದಿನ ಐದು ಲೋಟ ಕುಡಿಯುವವರು ರಜೆಯಲ್ಲಿ ಎರಡಕ್ಕೆ ಇಳಿಯುತ್ತಾರೆ, ಮೊದಲ ಲೋಟವೂ ಮೂರು ಗಂಟೆ ತಡ. ಕೆಫೀನ್ ತಪ್ಪಿದಾಗ ತಲೆನೋವು 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ, ಒಂದೆರಡು ದಿನದಲ್ಲಿ ತೀವ್ರವಾಗುತ್ತದೆ, ಕೆಲವರಿಗೆ ಒಂದು ವಾರ ದಾಟಿಯೂ ಉಳಿಯುತ್ತದೆ. ಪರಿಹಾರ ಸುಲಭ: ರಜೆಯಲ್ಲೂ ಮೊದಲ ಲೋಟ ಅದೇ ಹೊತ್ತಿಗೆ ಕುಡಿಯಿರಿ, ಕಡಿಮೆ ಮಾಡಬೇಕಿದ್ದರೆ ಎರಡು ಮೂರು ದಿನಕ್ಕೆ ಒಂದು ಲೋಟದಂತೆ ಇಳಿಸಿ.

ನಿದ್ದೆಯೂ ಹಾಗೆಯೇ. ರೂಢಿಗಿಂತ ಒಂದು ಗಂಟೆ ತಡವಾಗಿ ಏಳುವುದರಿಂದ ತೊಂದರೆಯಿಲ್ಲ. ಹತ್ತು ಗಂಟೆವರೆಗೆ ಹೊದ್ದು ಮಲಗಿದರೆ ರಾತ್ರಿ ನಿದ್ದೆ ಹಿಂದೆ ಸರಿದು, ಶಾಲೆ ಶುರುವಾಗುವ ಬೆಳಿಗ್ಗೆ ದೇಹಕ್ಕೆ ಬೇರೆ ದೇಶದಿಂದ ಬಂದಿಳಿದಂತಾಗುತ್ತದೆ. ನಿದ್ದೆ ಬಾಕಿ ಇದ್ದರೆ ಮಧ್ಯಾಹ್ನ ಇಪ್ಪತ್ತು ಮೂವತ್ತು ನಿಮಿಷ ಮಲಗಿ, ಅಲಾರಂ ಇಟ್ಟುಕೊಂಡು. ತಿಂಗಳುಗಟ್ಟಲೆ ದುಡಿದ ಗಂಟಲಿಗೂ ಮೊದಲ ಎರಡು ದಿನ ಬಿಡುವು ಕೊಡಿ. ಫೋನಿನಲ್ಲಿ ಗಂಟೆಗಟ್ಟಲೆ ಹರಟುವ ಕೆಲಸ ಮೂರನೇ ದಿನಕ್ಕಿರಲಿ. ಧ್ವನಿ ಒಡೆದದ್ದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲು ಇದೇ ಸಮಯ.

ಉತ್ತರಪತ್ರಿಕೆಗಳನ್ನು ಕೊನೆಗೆ ತಳ್ಳುವುದು ದೊಡ್ಡ ತಪ್ಪು. ನಾಲ್ಕು ದಿನದ ಕೆಲಸ ಹದಿನಾಲ್ಕು ದಿನವೂ ತಲೆಯ ಮೇಲೆ ಕೂತಿರುತ್ತದೆ. ಗೆಳತಿಯ ಮನೆಯಲ್ಲಿ ನಗುತ್ತಿರುವಾಗಲೂ ಚೀಲದೊಳಗಿನ ಕಟ್ಟು ನೆನಪಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಬಾಕಿ ಕೆಲಸ ಮನಸ್ಸನ್ನು ಕಾಡುವುದು ನಿಲ್ಲಬೇಕಾದರೆ ಅದು ಮುಗಿದೇ ಇರಬೇಕೆಂದಿಲ್ಲ, ಯಾವಾಗ ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಸಾಕು. ‘ನೋಡೋಣ, ನಡುವೆ ಬಿಡುವಾದಾಗ’ ಅನ್ನುವುದು ಯೋಜನೆಯಲ್ಲ.

ಮೊದಲು ಹತ್ತು ಪತ್ರಿಕೆ ತಿದ್ದಿ ಗಡಿಯಾರ ನೋಡಿಕೊಳ್ಳಿ. ಒಂದಕ್ಕೆ 8 ನಿಮಿಷ ಹಿಡಿದರೆ 120 ಪತ್ರಿಕೆಗೆ 16 ಗಂಟೆ. ಅಂಕ ಕೂಡಿಸಲು, ಪಟ್ಟಿಗೆ ಏರಿಸಲು ಇನ್ನೆರಡು ಗಂಟೆ ಸೇರಿಸಿ. ಬೆಳಿಗ್ಗೆ ಮೂರೂವರೆ ಗಂಟೆಯಂತೆ ಕೂತರೆ ಸುಮಾರು ಐದು ದಿನದ ಮಾತು. ಸಂಗಾತಿ ಕಚೇರಿಯಲ್ಲಿರುವ ಬೆಳಿಗ್ಗೆಗಳೇ ಇದಕ್ಕೆ ಹೇಳಿಮಾಡಿಸಿದ ಹೊತ್ತು: ರಜೆಯ ಎರಡು, ಮೂರನೇ ದಿನ ಮತ್ತು ಒಟ್ಟಿಗೆ ಕಳೆದ ದಿನಗಳ ನಂತರದ ಮೂರು ದಿನ. ಮೈ ಹುಷಾರಿಲ್ಲದಿದ್ದರೆ ಆ ಮೊದಲ ಎರಡನ್ನು ಮುಂದಕ್ಕೆ ಹಾಕಿ. ಒಬ್ಬ ವಿದ್ಯಾರ್ಥಿಯ ಇಡೀ ಪತ್ರಿಕೆ ಮುಗಿಸಿ ಮುಂದಿನದಕ್ಕೆ ಹೋಗುವ ಬದಲು ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ ಎಂದು ತಿದ್ದಿ. ಉತ್ತರಸೂಚಿ ತಲೆಯಲ್ಲೇ ಇರುವುದರಿಂದ ಬೇಗ ಸಾಗುತ್ತದೆ, ಮೊದಲ ಉತ್ತರ ಚೆನ್ನಾಗಿತ್ತೆಂದು ಮುಂದಿನದಕ್ಕೂ ಕೈ ಸಡಿಲವಾಗುವುದು ತಪ್ಪುತ್ತದೆ. ಕಟ್ಟನ್ನು ಊರಿಂದೂರಿಗೆ ಹೊತ್ತೊಯ್ಯಬೇಡಿ. ಹೋದಲ್ಲಿ ತಿದ್ದುವುದೂ ಇಲ್ಲ, ಕಳೆದುಹೋಗುವ ಭಯ ಬೇರೆ.

ಹೆತ್ತವರು, ಅತ್ತೆ-ಮಾವ: ಅವರ ದಿನಚರಿ ಸಡಿಲವಾಗಿದ್ದರೆ ವಾರದ ಮಧ್ಯೆ ಹೋಗಿ, ಎರಡು ರಾತ್ರಿ ಇದ್ದು ಬನ್ನಿ. ಬಂದ ದಿನ ಮತ್ತು ಹೊರಡುವ ದಿನ ಗಡಿಬಿಡಿಯಲ್ಲೇ ಮುಗಿಯುವುದರಿಂದ, ಒಂದೇ ರಾತ್ರಿ ಉಳಿದರೆ ನಿಜಕ್ಕೂ ಕೂತು ಮಾತಾಡಿದ ದಿನವೇ ಇರುವುದಿಲ್ಲ. ಎಚ್ಚರ ಇರಬೇಕಾದದ್ದು ಇನ್ನೊಂದಕ್ಕೆ. ‘ಹೇಗೂ ಬಂದಿದ್ದೀಯಲ್ಲ, ಇವನಿಗೆ ಸ್ವಲ್ಪ ಗಣಿತ ಹೇಳಿಕೊಡು’ ಎಂಬ ಮಾತು ಬಂದೇ ಬರುತ್ತದೆ. ಒಪ್ಪಿದರೆ ರಜೆ ಟ್ಯೂಷನ್ ಆಗುತ್ತದೆ, ಒಪ್ಪದಿದ್ದರೆ ಮುಖ ಸಣ್ಣದಾಗುತ್ತದೆ. ‘ನಾಳೆ ಹತ್ತರಿಂದ ಹತ್ತೂವರೆವರೆಗೆ ಕೂರುತ್ತೇನೆ, ಎಲ್ಲಿ ತಿಳಿಯಲಿಲ್ಲವೋ ಅದಕ್ಕೆ ಗುರುತು ಹಾಕಿಟ್ಟುಕೊಂಡಿರಲಿ’ ಅಂದುಬಿಡಿ. ಗುರುತು ಹಾಕಿಟ್ಟುಕೊಂಡು ಕಾಯುವ ಮಕ್ಕಳು ಕಡಿಮೆ!

ಗೆಳತಿಯರ ಭೇಟಿಗೆ ಇಡೀ ದಿನ ಬೇಡ, ಮೂರು ಗಂಟೆ ಸಾಕು. ಎಷ್ಟು ಹೊತ್ತಿಗೆ ಏಳುತ್ತೀರೆಂದು ಮೊದಲೇ ಹೇಳಿಡಿ. ಶಿಕ್ಷಕಿಯರ ಗುಂಪಾದರೆ ಸ್ಟಾಫ್‌ರೂಮ್ ಅಲ್ಲಿಗೂ ಹಿಂಬಾಲಿಸಿ ಬರುತ್ತದೆ. ಮುಖ್ಯೋಪಾಧ್ಯಾಯರ ಸುದ್ದಿಗೆ ಅರ್ಧ ಗಂಟೆ ಕೊಟ್ಟು ಮಾತು ಬದಲಿಸಿ. ಕೆಲಸದಿಂದ ಚೇತರಿಸಿಕೊಳ್ಳಲು ನಾಲ್ಕು ಅನುಭವಗಳು ಮುಖ್ಯವೆಂದು ಮನಶ್ಶಾಸ್ತ್ರಜ್ಞೆಯರಾದ ಜಬೀನ್ ಜೊನೆಂಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ 2007ರಲ್ಲಿ ಗುರುತಿಸಿದರು: ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು, ವಿಶ್ರಾಂತಿ, ಹೊಸದೊಂದನ್ನು ಕಲಿಯುವುದು, ತನ್ನ ಸಮಯ ತನ್ನ ಕೈಯಲ್ಲಿದೆ ಎನಿಸುವುದು. ದೂರುಗಳನ್ನೇ ಮೆಲುಕು ಹಾಕುತ್ತಾ ಕೂತರೆ ಮೊದಲನೆಯದೇ ಕೈತಪ್ಪುತ್ತದೆ. ಪೋಷಕರ ವಾಟ್ಸಾಪ್ ಗುಂಪಿಗೂ ಇದೇ ಮಾತು. ಮ್ಯೂಟ್ ಮಾಡಿ, ದಿನಕ್ಕೊಮ್ಮೆ ಕಾಲು ಗಂಟೆ ನೋಡಿದರೆ ಬೇಕಾದಷ್ಟಾಯಿತು.

ಸಂಗಾತಿಯ ಜೊತೆಗಿನ ದಿನಗಳು ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ‘ನೀನು ಮನೆಯಲ್ಲೇ ಇದ್ದೀಯಲ್ಲ’ ಎಂದು ಬ್ಯಾಂಕು, ರಿಪೇರಿ, ಗ್ಯಾಸ್, ಮಕ್ಕಳ ದಂತವೈದ್ಯರು ಎಲ್ಲವೂ ರಜೆಯವರ ತಲೆಗೆ ಬಂದು, ಜೊತೆಯಾಗಿ ಕೂರುವ ಹೊತ್ತಿಗೆ ಅಸಮಾಧಾನ ಒಳಗೇ ಕುದಿಯುತ್ತಿರುತ್ತದೆ. ಇಂಥ ಕೆಲಸಗಳ ಪಟ್ಟಿ ಇಬ್ಬರೂ ಸೇರಿ ಮಾಡಿ, ಎರಡು ಮಧ್ಯಾಹ್ನಕ್ಕೆ ಹಿಡಿಯುವಷ್ಟನ್ನೇ ಇಟ್ಟುಕೊಳ್ಳಿ. ಉಳಿದದ್ದು ಎಂದಿನಂತೆ ಇಬ್ಬರದೂ. ಎರಡನೆಯದು ನಮ್ಮ ಕಡೆಯ ತಪ್ಪು. ನಲವತ್ತು ಮಕ್ಕಳನ್ನು ಸಂಭಾಳಿಸಿದ ಗಂಟಲು ಮನೆಯಲ್ಲೂ ‘ಬೇಗ ಹೊರಡಿ’, ‘ಎಷ್ಟು ಸಲ ಹೇಳಬೇಕು’ ಎನ್ನುತ್ತದೆ. ಜೊತೆಗೆ, ದಿನವಿಡೀ ತೀರ್ಮಾನ ಮಾಡಿ ದಣಿದವರಿಗೆ ‘ಎಲ್ಲಿಗೆ ಹೋಗೋಣ?’ ಎಂಬ ಪ್ರಶ್ನೆಯೇ ಭಾರ. ಒಟ್ಟಿಗಿರುವ ಮೊದಲ ಎರಡು ದಿನ ಎಲ್ಲಿಗೆ, ಏನು ತಿನ್ನುವುದು, ಎಷ್ಟು ಹೊತ್ತಿಗೆ ಎಂಬುದೆಲ್ಲ ಸಂಗಾತಿಯ ಪಾಲಿಗೆ ಬಿಡಿ. ಅವರ ಆಯ್ಕೆಯನ್ನು ತಿದ್ದದಿರುವುದು ನಿಮ್ಮ ಪಾಲು.

ಸಂಗಾತಿಗೆ ರಜೆ ಸಿಗಲೇ ಇಲ್ಲವಾದರೆ? ವಾರದಲ್ಲಿ ಮೂರು ಸಂಜೆ ಗೊತ್ತುಮಾಡಿ. ಅವರು ಬರುವ ಹೊತ್ತಿಗೆ ಮನೆಗೆಲಸ ಮುಗಿದಿರಲಿ, ಆ ಸಂಜೆ ಯಾರ ಮನೆಗೂ ಇಲ್ಲ, ಯಾರೂ ಬರುವುದೂ ಇಲ್ಲ.

ಊರಿಂದ ಶಾಲೆ ತೆರೆಯುವ ಹಿಂದಿನ ರಾತ್ರಿ ಬಂದಿಳಿಯಬೇಡಿ, ಎರಡು ದಿನ ಮುಂಚೆ ಬನ್ನಿ. ಒಂದು ದಿನ ಬಟ್ಟೆಬರೆಗೆ, ಇನ್ನೊಂದರಲ್ಲಿ ಒಂದು ಗಂಟೆ ಮೊದಲ ವಾರದ ಪಾಠಯೋಜನೆಗೆ. 131 ಶಿಕ್ಷಕರನ್ನು ರಜೆಯ ಮೊದಲೂ ನಂತರವೂ ಗಮನಿಸಿ ಯಾನಾ ಕ್ಯೂನೆಲ್ ಮತ್ತು ಜೊನೆಂಟಾಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಜೆ ತಂದ ಹುರುಪು ಒಂದು ತಿಂಗಳೊಳಗೆ ಕರಗಿತ್ತು. ಮರಳಿದ ಮೇಲೆ ಕೆಲಸದ ಹೊರೆ ಹೆಚ್ಚಿದ್ದವರಲ್ಲಿ ಬೇಗ ಕರಗಿತು, ಬಿಡುವಿನ ಹೊತ್ತಿನಲ್ಲಿ ವಿಶ್ರಾಂತಿ ಸಿಕ್ಕವರಲ್ಲಿ ನಿಧಾನವಾಗಿ. ಹಾಗಾಗಿ ಈ ಎರಡು ವಾರದಲ್ಲಿ ಹಿಡಿಯದ ಭೇಟಿಗಳನ್ನು ತುರುಕಲು ಹೋಗದೆ, ಒಬ್ಬ ಗೆಳತಿಯನ್ನು ಶಾಲೆ ಶುರುವಾದ ಎರಡನೇ ಶನಿವಾರಕ್ಕೆ, ಇನ್ನೊಬ್ಬಳನ್ನು ನಾಲ್ಕನೆಯದಕ್ಕೆ ಈಗಲೇ ಕರೆದಿಡಿ.