ಐದರ ಮಗ್ಗಿ ಮತ್ತು 10 ಕಿ.ಮೀ.: ಪಿಬಿ ಓಟದ ಲೆಕ್ಕ

ನನ್ನ ಗುರಿ 50 ನಿಮಿಷದ ಒಳಗೆ 10 ಕಿ.ಮೀ. ಮೊದಲ ಓಟದಲ್ಲಿ 50:16 ಆಯ್ತು. ಎಂಟು ವಾರದ ನಂತರ ಇನ್ನೊಂದು ಓಟದಲ್ಲಿ 49:38. ನಡುವೆ ತರಬೇತಿ ಹೆಚ್ಚುಕಮ್ಮಿ ಹಳೆಯದೇ. ಮೊದಲ ಸಲ ಒಂದು ಲೆಕ್ಕ ನನ್ನ ತಲೆಗೆ ಹೋಗಿರಲಿಲ್ಲ, ಎರಡನೇ ಸಲ ಹೋಗಿತ್ತು. ಮರೆಯುವ ಮೊದಲು ಅದನ್ನು ಬರೆದಿಡುತ್ತಿದ್ದೇನೆ. ಪಿಬಿಗೆ (ಪರ್ಸನಲ್ ಬೆಸ್ಟ್, ಅಂದರೆ ನಮ್ಮದೇ ಅತ್ಯುತ್ತಮ ಸಮಯ) ಹತ್ತಿರ ಬಂದು ಕೆಲವೇ ಸೆಕೆಂಡಿನಲ್ಲಿ ತಪ್ಪಿಸಿಕೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು. ಬೂಟು, ಊಟ, ವಾರದ ವೇಳಾಪಟ್ಟಿ ಇಲ್ಲಿಲ್ಲ. ಅವುಗಳಲ್ಲಿ ನನಗೆ ತೊಡಕಾಗಲಿಲ್ಲ.

ವಾಚಿನ ಕಿಲೋಮೀಟರ್, ರಸ್ತೆಯ ಕಿಲೋಮೀಟರ್

50 ನಿಮಿಷಕ್ಕೆ 10 ಕಿ.ಮೀ. ಅಂದರೆ 5:00 ಪೇಸ್, ಒಂದು ಕಿಲೋಮೀಟರಿಗೆ ಐದು ನಿಮಿಷ. ಮೊದಲ ಓಟದಲ್ಲಿ ಜಿಪಿಎಸ್ ವಾಚ್ ಸರಾಸರಿ 4:58 ತೋರಿಸುತ್ತಿತ್ತು. ಕಿಲೋಮೀಟರಿಗೆ ಎರಡು ಸೆಕೆಂಡ್ ಉಳಿತಾಯ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಓಡಿದೆ. 10 ಕಿ.ಮೀ. ಆಯ್ತು ಅಂತ ವಾಚ್ ಮಣಿಕಟ್ಟಿನ ಮೇಲೆ ಗುಂಯ್ ಅಂದಾಗ ಸಮಯ 49:40. ತಲೆ ಎತ್ತಿ ನೋಡಿದರೆ ಫಿನಿಶ್ ಲೈನ್ ಇನ್ನೂ ಮುಂದಿತ್ತು. ಅದನ್ನು ದಾಟುವ ಹೊತ್ತಿಗೆ ವಾಚಿನಲ್ಲಿ 10.12 ಕಿ.ಮೀ., ಸಮಯ 50:16.

ದಾರಿಯನ್ನೇ ತಪ್ಪಾಗಿ ಅಳೆದಿದ್ದಾರೆ ಅಂತ ಎರಡು ದಿನ ಅಂದುಕೊಂಡಿದ್ದೆ. ಅಳೆಯುವುದು ಹೇಗೆ ಅಂತ ಓದಿದ ಮೇಲೆ ಆ ಸಿಟ್ಟು ಹೋಯಿತು.

ಪ್ರಮಾಣೀಕರಿಸಿದ ರಸ್ತೆ ಓಟದ ದಾರಿಯನ್ನು ಸೈಕಲ್ಲಿನಲ್ಲಿ ಅಳೆಯುತ್ತಾರೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಎಣಿಸುವ ಸಾಧನ ಕಟ್ಟಿರುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ಒಂದು ನೇರ ತುಂಡಿನ ಮೇಲೆ ಮೊದಲು ಸೈಕಲ್ ಓಡಿಸಿ, ಎಷ್ಟು ಎಣಿಕೆಗೆ ಎಷ್ಟು ಮೀಟರ್ ಅಂತ ಗೊತ್ತುಮಾಡಿಕೊಳ್ಳುತ್ತಾರೆ. ಬಿಸಿಲೇರಿದರೆ ಟೈರು ಹಿಗ್ಗುತ್ತದೆ ಅಲ್ವಾ, ಅದಕ್ಕೆ ಕೆಲಸ ಮುಗಿದ ಮೇಲೆ ಅದೇ ತುಂಡಿನ ಮೇಲೆ ಮತ್ತೆ ಓಡಿಸಿ ನೋಡುತ್ತಾರೆ. ಇಷ್ಟು ಕಾಳಜಿಯಿಂದ ಮಾಡುವ ಅಳತೆ ಅದು. ಸೈಕಲ್ ಹೋಗುವುದು ಓಟಗಾರರು ಓಡಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವು ಬಂದಾಗ ಒಳಗಿನ ಅಂಚಿನಿಂದ 30 ಸೆಂಟಿಮೀಟರ್ ಅಂತರದಲ್ಲಿ. ಇದರ ಜೊತೆಗೆ, ದಾರಿ ಅಪ್ಪಿತಪ್ಪಿಯೂ ಕಡಿಮೆ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿ ಇಡುತ್ತಾರೆ. 10 ಕಿ.ಮೀ.ಗೆ 10 ಮೀಟರ್.

ನಾವು ಆ ಸೈಕಲ್ಲಿನ ಹಾದಿಯಲ್ಲಿ ಓಡುವುದಿಲ್ಲ. ಗುಂಪಿನ ಜೊತೆ ತಿರುವಿನ ಹೊರಗಿನಿಂದ ಹೋಗುತ್ತೇವೆ, ಮುಂದಿನವರನ್ನು ದಾಟಲು ಪಕ್ಕಕ್ಕೆ ಸರಿಯುತ್ತೇವೆ, ನೀರಿನ ಮೇಜಿಗೆ ಹೋಗಿ ಬರುತ್ತೇವೆ. ಸಾಲದ್ದಕ್ಕೆ ಜಿಪಿಎಸ್ ಗುರುತಿಸುವ ಒಂದೊಂದು ಚುಕ್ಕಿಯೂ ಸ್ವಲ್ಪ ಅತ್ತಿತ್ತ ಬೀಳುತ್ತದೆ. ಆ ಚುಕ್ಕಿಗಳನ್ನು ಸೇರಿಸಿ ಎಳೆದ ಗೆರೆ ಅಂಕುಡೊಂಕು, ಹಾಗಾಗಿ ಉದ್ದ.

ನಾನು ಎಡವಿದ್ದು ಇದಾದ ಮೇಲಿನ ಹೆಜ್ಜೆಯಲ್ಲಿ. ವಾಚ್ ತೋರಿಸುವ ಪೇಸ್ ಅಂದರೆ ಸಮಯವನ್ನು ವಾಚಿನ ದೂರದಿಂದ ಭಾಗಿಸಿದ್ದು. ಹಾಗಿದ್ದರೆ ಮುಗಿಸುವ ಸಮಯ ಬೇಕೆಂದರೆ ಮತ್ತೆ ವಾಚಿನ ದೂರದಿಂದಲೇ ಗುಣಿಸಬೇಕು. ನಾನು ರಸ್ತೆಯ ದೂರದಿಂದ ಗುಣಿಸಿದ್ದೆ.

ನಾನು ಮಾಡಿದ್ದು: 298 ಸೆಕೆಂಡ್ × 10 = 2980, ಅಂದರೆ 49:40.
ಮಾಡಬೇಕಿದ್ದು: 298 ಸೆಕೆಂಡ್ × 10.12 = ಸುಮಾರು 3016, ಅಂದರೆ 50:16.

ಇದು ನನಗೆ ಮೂರು ಸಲ ತಪ್ಪಿತು, ಅದಕ್ಕೆ ಇನ್ನೊಂದು ರೀತಿಯಲ್ಲೂ ಹೇಳುತ್ತೇನೆ. ವಾಚ್ ಒಂದು ಕಿಲೋಮೀಟರ್ ಆಯ್ತು ಅನ್ನುವಾಗ ನಾನು ನಿಜವಾದ ದಾರಿಯಲ್ಲಿ ಸುಮಾರು 988 ಮೀಟರ್ ಮಾತ್ರ ಮುಂದೆ ಬಂದಿದ್ದೆ. 4:58 ಹಿಡಿದದ್ದು ಆ 988 ಮೀಟರಿಗೆ. ಪೂರ್ತಿ 1000 ಮೀಟರಿಗೆ ಹಿಡಿದದ್ದು ಸುಮಾರು 5:02. ಕೈಯಲ್ಲಿದೆ ಅಂದುಕೊಂಡಿದ್ದ ಎರಡು ಸೆಕೆಂಡ್ ಅಸಲಿಗೆ ಸಾಲವಾಗಿತ್ತು.

ತಿರುಗಿಸಿ ನೋಡಿ. ವಾಚಿನಲ್ಲಿ 10.12 ಬರುವ ಹಾಗೆ ಓಡುವವರು 50:00 ಮುಟ್ಟಬೇಕಾದರೆ 3000 ÷ 10.12 = 296.4. ವಾಚ್ 4:56 ತೋರಿಸುತ್ತಿರಬೇಕು.

ಐದರ ಮಗ್ಗಿ

ಇಷ್ಟೆಲ್ಲ ಭಾಗಾಕಾರ ಓಡುವಾಗ ಆಗುವ ಕೆಲಸವಲ್ಲ. ಅದಕ್ಕೆ ಈಗ ವಾಚಿನ ಪೇಸ್ ನೋಡುವುದನ್ನೇ ಬಿಟ್ಟಿದ್ದೇನೆ. ದಾರಿಯ ಪಕ್ಕ ಕಿಲೋಮೀಟರ್ ಬೋರ್ಡ್ ಇರುತ್ತದಲ್ಲ, ಅದನ್ನು ದಾಟುವಾಗ ಓಡಿದ ಒಟ್ಟು ಸಮಯ ಒಂದನ್ನೇ ನೋಡುತ್ತೇನೆ. ವಾಚಿನ ಪರದೆಯಲ್ಲಿ ಅದೊಂದೇ ದೊಡ್ಡದಾಗಿ ಕಾಣುವ ಹಾಗೆ ಇಟ್ಟುಕೊಂಡಿದ್ದೇನೆ.

ಗುರಿ 49:50 ಅಂತ ಇಟ್ಟರೆ ಕಿಲೋಮೀಟರಿಗೆ 4:59. ಈಗ ಐದರ ಮಗ್ಗಿ ಹೇಳಿ, ಎಷ್ಟನೇ ಬೋರ್ಡೋ ಅಷ್ಟು ಸೆಕೆಂಡ್ ಕಳೆಯಿರಿ. ಐದು ಮೂರಲೆ ಹದಿನೈದು, ಮೂರು ಸೆಕೆಂಡ್ ಕಡಿಮೆ: 14:57. ಐದು ಏಳಲೆ ಮೂವತ್ತೈದು, ಏಳು ಸೆಕೆಂಡ್ ಕಡಿಮೆ: 34:53. ಉಸಿರು ಬಿಗಿದಿದ್ದರೂ ಈ ಲೆಕ್ಕ ಬರುತ್ತದೆ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಅಷ್ಟು ಗಟ್ಟಿ. ಒಂದು ಗಂಟೆಯ ಗುರಿ ಇರುವವರಿಗೆ ಇದೇ ರೀತಿ ಆರರ ಮಗ್ಗಿ.

ಒಂದು ಬೋರ್ಡಿನಲ್ಲಿ ಸಮಯ ವಿಚಿತ್ರವಾಗಿ ಬಂದರೆ ಗಾಬರಿ ಬೇಡ. ಬೋರ್ಡನ್ನು ಕಂಬ ಸಿಕ್ಕಿದ ಕಡೆ ಕಟ್ಟಿರುವುದೂ ಉಂಟು. ಮುಂದಿನ ಬೋರ್ಡ್ ನೋಡಿ ತೀರ್ಮಾನ ಮಾಡಿ.

ತಿರುವಿನ ಲೆಕ್ಕ

ಒಳ ಅಂಚಿನಿಂದ ಎಷ್ಟು ಮೀಟರ್ ಹೊರಗಿದ್ದೀರಿ ಅನ್ನುವುದನ್ನು ಕಾಲು ಸುತ್ತಿನ ತಿರುವಿಗೆ 1.57ರಿಂದ, ಯೂ-ಟರ್ನಿಗೆ 3.14ರಿಂದ ಗುಣಿಸಿ. ಅಷ್ಟು ಮೀಟರ್ ಜಾಸ್ತಿ ಓಡಿದ ಹಾಗೆ. ನನಗೆ ತುಂಬ ಹಿಡಿಸಿದ್ದು, ತಿರುವು ದೊಡ್ಡದೋ ಚಿಕ್ಕದೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ! 8 ಮೀಟರ್ ಅಗಲದ ರಸ್ತೆಯ ಹೊರ ಅಂಚಿನಲ್ಲಿ ಒಂದು ಕಾಲು ಸುತ್ತು ತಿರುಗಿದರೆ 12 ಮೀಟರಿಗಿಂತ ಜಾಸ್ತಿ. 5:00 ಪೇಸ್‌ನಲ್ಲಿ ಅದು ನಾಲ್ಕು ಸೆಕೆಂಡಿನ ಹತ್ತಿರ.

ಹಾಗಾದರೆ ಒಳ ಅಂಚಿಗೆ ಬರಲು ರಸ್ತೆ ದಾಟುವುದಕ್ಕೂ ದೂರ ಸೇರುವುದಿಲ್ಲವೇ? ಸೇರುತ್ತದೆ, ಆದರೆ ತೀರಾ ಕಡಿಮೆ. 100 ಮೀಟರ್ ಮೊದಲೇ ಓರೆಯಾಗಿ ಹೊರಟರೆ 8 ಮೀಟರ್ ಅಡ್ಡ ದಾಟಲು ಆಗುವ ಹೆಚ್ಚುವರಿ 32 ಸೆಂಟಿಮೀಟರ್. ಪೈಥಾಗೊರಸ್ ಹಾಕಿ ನೀವೇ ನೋಡಿ. ಅದಕ್ಕೇ ಮುಂದಿನ ತಿರುವು ಕಣ್ಣಿಗೆ ಬಿದ್ದ ತಕ್ಷಣ ಅದರ ಒಳ ಮೂಲೆಯ ಮೇಲೆ ದೃಷ್ಟಿ ಇಟ್ಟು ನೇರ ಅತ್ತ ಹೋಗಬೇಕು. ಹಿಂದೆ ಯಾರಿದ್ದಾರೆ ಅಂತ ಒಮ್ಮೆ ನೋಡಿ ಸರಿಯಿರಿ. ಕೋನ್ ಇಟ್ಟ ಗಡಿಯ ಆಚೆ ಕಾಲಿಡಬಾರದು, ಅಳತೆಯೂ ಆ ಗಡಿಯೊಳಗಿನದೇ. 2000ದ ಸಿಡ್ನಿ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ರಸ್ತೆ ಮೇಲೆ ನೀಲಿ ಗೆರೆ ಎಳೆದಿದ್ದರು. ಸುಮ್ನೆ ಅಲಂಕಾರಕ್ಕೆ ಅಂತ ನಾನು ತಿಳಿದಿದ್ದೆ. ಅದು ಈ ಹತ್ತಿರದ ದಾರಿಯ ಗುರುತು.

ಇನ್ನುಳಿದ ಸಣ್ಣ ವಿಷಯ

ಚಿಪ್ ಸಮಯ (ಓಟಗಾರರ ಮೈಮೇಲಿನ ಚಿಪ್ ದಾಖಲಿಸುವ ಅವರವರ ಸಮಯ) ಶುರುವಾಗುವುದು ನೀವು ಸ್ಟಾರ್ಟ್ ಮ್ಯಾಟ್ ತುಳಿದಾಗ. ವಾಚನ್ನೂ ಅಲ್ಲೇ ಒತ್ತಿ, ಗನ್ ಸದ್ದಿಗಲ್ಲ.

ಮೊದಲ ಕಿಲೋಮೀಟರ್ ನಿಧಾನವಾದರೂ ಪರವಾಗಿಲ್ಲ. ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೊದಲ್ಲಿ 2:00:35ಕ್ಕೆ ಮ್ಯಾರಥಾನ್ ಮುಗಿಸಿ ವಿಶ್ವ ದಾಖಲೆ ಮಾಡಿದಾಗ ಮೊದಲರ್ಧ 60:48, ಎರಡನೆಯದು 59:47. ಮೊದಲೇ ಸಮಯ ಕೂಡಿಟ್ಟುಕೊಳ್ಳುವ ಆಸೆ ನನಗೂ ಇತ್ತು. ಮೊದಲ ಓಟದಲ್ಲಿ ಹಾಗೆ ಮಾಡಿ ಎಂಟನೇ ಕಿಲೋಮೀಟರಿನಲ್ಲಿ ಕಾಲು ಕಲ್ಲಾಯಿತು.

ಎರಡನೇ ಓಟದ ಬೋರ್ಡುಗಳು

1ಕ್ಕೆ 5:02. 3ಕ್ಕೆ 14:58. 5ಕ್ಕೆ 24:54, ಮಗ್ಗಿಗಿಂತ ಒಂದು ಸೆಕೆಂಡ್ ಮುಂದೆ. 7ಕ್ಕೆ 34:50. 9ಕ್ಕೆ 44:47, ಅಲ್ಲಿಂದ ಲೆಕ್ಕ ಬಿಟ್ಟು ಓಡಿದೆ. 49:38. ವಾಚಿನಲ್ಲಿ ಈ ಸಲ 10.07.

ಮುಂದಿನದು ಹಾಫ್ ಮ್ಯಾರಥಾನ್, ಸುಮಾರು 21.1 ಕಿ.ಮೀ. ಒಂದು ದೂರದ ಸಮಯದಿಂದ ಇನ್ನೊಂದರ ಸಮಯ ಅಂದಾಜು ಮಾಡುವ ರೀಗಲ್ ಸೂತ್ರದಲ್ಲಿ ದೂರದ ಅನುಪಾತವನ್ನು 1.06 ಘಾತಕ್ಕೆ ಏರಿಸಿ ಹಳೆಯ ಸಮಯಕ್ಕೆ ಗುಣಿಸುತ್ತಾರೆ. ನನ್ನ 49:38ಕ್ಕೆ ಸುಮಾರು 1:49:30 ಬರುತ್ತದೆ. ಕಿಲೋಮೀಟರಿಗೆ 5:12 ಅಂತ ಹಿಡಿದರೆ ಐದು ಕಿಲೋಮೀಟರಿಗೆ ಸರಿಯಾಗಿ 26 ನಿಮಿಷ. ಆಗ ನೆನಪಿಡಬೇಕಾದ್ದು 5, 10, 15, 20ರ ನಾಲ್ಕೇ ಬೋರ್ಡು: 26, 52, 78, 104 ನಿಮಿಷ.